ತಂಪಿನ ಲೆಕ್ಕ, ಬೆಟ್ಟದ ಭಾರ

(ನವಿ ಮುಂಬಯಿಯ ರಬಾಳೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೆಟ್ಟದ ಮೇಲಿನ ಸ್ಕೀ ರೆಸಾರ್ಟುಗಳು ವಿದ್ಯುತ್ತನ್ನು ಹೇಗೆ ಬಳಸುತ್ತವೆ, ಹೇಗೆ ಬಳಸಬೇಕು ಎಂಬುದರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರಲ್ಲೊಬ್ಬರು ಫೋನಿನಲ್ಲೇ ನಕ್ಕರು. "ಸಾರ್, ನಮ್ಮಲ್ಲಿ ಜನವರಿಯಲ್ಲೂ ಫ್ಯಾನು ನಿಲ್ಲೋದಿಲ್ಲ, ಹಿಮದ ಮಾತು ಯಾರು ಕೇಳ್ತಾರೆ?" ಅವರು ಹೇಳಿದ್ದು ಸರಿಯೇ. ಆದರೆ ಈ ವಿಷಯಕ್ಕೆ ರಬಾಳೆಯಷ್ಟು ತಕ್ಕ ಊರು ಸುಲಭಕ್ಕೆ ಸಿಗದು. ಒಂದು ಮಗ್ಗುಲಲ್ಲಿ ಪಾರಸಿಕ್ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ಠಾಣೆ ಖಾಡಿ, ನಡುವೆ ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಮಹಾರಾಷ್ಟ್ರದ ಕೈಗಾರಿಕಾ ನಿಗಮವಾದ ಎಂಐಡಿಸಿಯ ಟಿಟಿಸಿ ಕೈಗಾರಿಕಾ ಪ್ರದೇಶ. ಒಂದು ಕಾಲಕ್ಕೆ ರಾಸಾಯನಿಕ, ಔಷಧ, ಎಂಜಿನಿಯರಿಂಗ್ ಕಾರ್ಖಾನೆಗಳಿಗೆ ಹೆಸರಾಗಿದ್ದ ಈ ಪಟ್ಟಿಯಲ್ಲಿ ಈಗ ಏಳುತ್ತಿರುವುದು ಡೇಟಾ ಸೆಂಟರ್‌ಗಳು. ರಬಾಳೆ, ಐರೋಲಿ, ಮಹಾಪೆಗಳಲ್ಲಿ ಕಿಟಕಿಯಿಲ್ಲದ ಆ ದೊಡ್ಡ ಕಟ್ಟಡಗಳನ್ನು ನೀವು ದಿನಾ ನೋಡುತ್ತೀರಿ. ಅವುಗಳೊಳಗೆ ಮೂರು ಹೊತ್ತೂ ನಡೆಯುವ ದೊಡ್ಡ ಕೆಲಸವೆಂದರೆ ತಂಪು ಮಾಡುವುದು. ಇನ್ನೂ ಮುಂದೆ ಹೋದರೆ ವಾಶಿಯ ಎಪಿಎಂಸಿ ಸುತ್ತಮುತ್ತ ಕೋಲ್ಡ್ ಸ್ಟೋರೇಜುಗಳು. ನೈಸರ್ಗಿಕ ತಂಪು ಇಲ್ಲವೇ ಇಲ್ಲವೆನ್ನಬಹುದಾದ ಊರು, ತಂಪನ್ನು ತಯಾರಿಸಿ ಬದುಕುತ್ತಿದೆ. ಕಂಪ್ರೆಸರ್ ಮತ್ತು ಚಿಲ್ಲರ್‌ಗಳ ಸದ್ದಿನ ನಡುವೆಯೇ ಸಂಬಳ ಎಣಿಸಿದವನು ನಾನು. ಹಾಗಾಗಿ ಹಿಮದ ಕಡೆಗೆ ಹಿಂಬಾಗಿಲಿನಿಂದ ಹೋಗುತ್ತೇನೆ.

ಕುರ್ಲಾದ ಫೀನಿಕ್ಸ್ ಮಾಲ್‌ನ ಸ್ನೋ ವರ್ಲ್ಡ್‌ಗೆ ನಿಮ್ಮ ಮಕ್ಕಳು ಹೋಗಿರಬಹುದು. ಬೆಂಗಳೂರಿನವರಿಗೆ ಫನ್ ವರ್ಲ್ಡ್ ಆವರಣದ ಸ್ನೋ ಸಿಟಿ ಗೊತ್ತು. ಬಾಗಿಲಲ್ಲಿ ದಪ್ಪ ಕೋಟು, ಗ್ಲೌಸು, ಬೂಟು ಕೊಡುತ್ತಾರೆ. ಒಳಗೆ ಸೊನ್ನೆಗಿಂತ ಕೆಳಗಿನ ಚಳಿ, ಕಾಲಡಿ ಹಿಮ. ಆ ಹಿಮದ ಲೆಕ್ಕ ಬಿಡಿಸೋಣ. ಇಪ್ಪತ್ತೆಂಟು ಡಿಗ್ರಿಯ ಒಂದು ಟನ್ ನಳದ ನೀರನ್ನು ಸೊನ್ನೆಗಿಳಿಸಿ, ಗಟ್ಟಿ ಮಾಡಿ, ಮೈನಸ್ ಐದಕ್ಕೆ ತರಬೇಕೆಂದರೆ ಅದರಿಂದ ಹೊರತೆಗೆಯಬೇಕಾದ ಶಾಖ ಸುಮಾರು 130 ಯೂನಿಟ್ (ಕಿಲೋವಾಟ್-ಗಂಟೆ). ಇದರಲ್ಲಿ ಹೆಚ್ಚಿನ ಪಾಲು ಬರೀ ನೀರು ಮಂಜುಗಡ್ಡೆಯಾಗುವ ಘಟ್ಟದ್ದೇ: ಕಿಲೋಗೆ 334 ಕಿಲೋಜೂಲ್. ನಮ್ಮ ಸೆಖೆಯಲ್ಲಿ ಇಂಥ ಕೆಲಸ ಮಾಡುವ ಯಂತ್ರ ಒಂದು ಯೂನಿಟ್ ವಿದ್ಯುತ್ ತಿಂದು ಹೆಚ್ಚುಕಡಿಮೆ ಎರಡು ಯೂನಿಟ್ ಶಾಖವನ್ನು ಹೊರಗೆಳೆಯುತ್ತದೆ ಎನ್ನಿ. ಟನ್ನಿಗೆ 65 ಯೂನಿಟ್ ಕರೆಂಟು ಆಯಿತು. ಇದು ಹಿಮ ಮಾಡುವುದಕ್ಕೆ ಮಾತ್ರ. ಆಮೇಲೆ ಅದು ಕರಗದಂತೆ ಹಗಲು ರಾತ್ರಿ ಕಾಯಬೇಕು. ಗೋಡೆಯಿಂದ ಇಳಿಯುವ ಶಾಖ, ಬಾಗಿಲಿಂದ ನುಗ್ಗುವ ಹಸಿಗಾಳಿ, ದೀಪ, ಕುಣಿಯುವ ಮಕ್ಕಳ ಮೈಶಾಖ ಎಲ್ಲವನ್ನೂ ಎತ್ತಿ ಹೊರಗೆಸೆಯುತ್ತಲೇ ಇರಬೇಕು.

ಹೊರಗೆಸೆಯುವುದು ಎಂದೆ. ಎಲ್ಲಿಗೆ? ನೀರಿನಿಂದ ತೆಗೆದ 130, ಯಂತ್ರ ತಿಂದ 65, ಎರಡೂ ಸೇರಿ 195 ಯೂನಿಟ್ ಶಾಖ ಕಟ್ಟಡದ ಹಿಂಬದಿಯ ಗಾಳಿಗೆ ಸೇರುತ್ತದೆ. ಮಾಲ್‌ನ ಹಿಂದಿನ ಗಲ್ಲಿಯಲ್ಲಿ ನಿಂತವರಿಗೆ ಅದು ಮುಖಕ್ಕೆ ಬಡಿಯುತ್ತದೆ. ಕೋಲ್ಡ್ ಸ್ಟೋರೇಜಿನ ಒಳಗೆ ಹೋಗಿ ನೋಡಿದವರಿಗೆ ಇನ್ನೊಂದು ವಿಚಿತ್ರ ಗೊತ್ತಿರುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಟ್ಟಿರುತ್ತಾರೆ. ಹಮಾಲರು ಮೂಟೆ ಹೊತ್ತು ಓಡಾಡುವಾಗ ಅಡ್ಡಿಯಾಗುತ್ತದೆಂದು ಅದನ್ನು ಎತ್ತಿ ಮೊಳೆಗೆ ಸಿಕ್ಕಿಸುತ್ತಾರೆ. ಹೊರಗಿನ ತೇವ ಒಳಗೆ ಬಂದು ಕಾಯಿಲ್ ಮೇಲೆ ಬಿಳಿ ಹೆಪ್ಪು ಕಟ್ಟುತ್ತದೆ. ಹೆಪ್ಪು ದಪ್ಪವಾದಷ್ಟೂ ತಂಪು ಇಳಿಯುವುದು ಕಡಿಮೆ. ಆಗ ಆ ಹೆಪ್ಪು ಕರಗಿಸಲು ತಣ್ಣನೆಯ ಕೋಣೆಯೊಳಗೇ ಹೀಟರ್ ಉರಿಸುತ್ತಾರೆ. ಚಳಿ ಮಾಡಲು ದುಡ್ಡು, ಆ ಚಳಿಯೊಳಗೆ ಬಿಸಿ ಮಾಡಲು ದುಡ್ಡು, ಆ ಬಿಸಿಯನ್ನು ಹೊರಹಾಕಲು ಮತ್ತೆ ದುಡ್ಡು. ಪರದೆ ಎತ್ತಿ ಕಟ್ಟಿದ ಹಮಾಲನನ್ನು ಬೈದು ಪ್ರಯೋಜನವಿಲ್ಲ. ಅವನ ಕೂಲಿ ಇರುವುದು ಮೂಟೆಯ ಲೆಕ್ಕದಲ್ಲಿ, ಯೂನಿಟ್ಟಿನ ಲೆಕ್ಕದಲ್ಲಿ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬೆಟ್ಟ ಹತ್ತಿದ ಮೇಲೆ ಇದರ ಕೆಲಸವಿದೆ.

ಈಗ ನಿಜವಾದ ಹಿಮಬೆಟ್ಟಕ್ಕೆ ಹೋಗೋಣ. ಅಲ್ಲಿ ಹಿಮ ತಯಾರಿಸುವ ಫಿರಂಗಿಯಂಥ ಯಂತ್ರಗಳಿವೆ. ನೀರನ್ನು ಸಣ್ಣ ಹನಿಗಳಾಗಿ ಸಿಡಿಸುತ್ತವೆ, ಹನಿಗಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತವೆ. ಶಾಖವನ್ನು ಹೊರಗೆಳೆಯುವ ಕೆಲಸವನ್ನು ಸುತ್ತಲಿನ ಚಳಿಗಾಳಿಯೇ ಪುಕ್ಕಟೆಯಾಗಿ ಮಾಡುವುದರಿಂದ, ಯಂತ್ರಕ್ಕೆ ಪಂಪಿಗೂ ಗಾಳಿ ಒತ್ತುವುದಕ್ಕೂ ಮಾತ್ರ ಕರೆಂಟು ಬೇಕು. ಆದ್ದರಿಂದ ಕುರ್ಲಾದ ಒಂದು ಟನ್ ಹಿಮಕ್ಕೆ ಬೀಳುವ ಖರ್ಚಿನ ಸಣ್ಣದೊಂದು ಪಾಲಿನಲ್ಲಿ ಅಲ್ಲಿ ಹಿಮ ಆಗುತ್ತದೆ. ಒಂದು ಷರತ್ತು ಮಾತ್ರ ಇದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆದ ಉಷ್ಣಾಂಶ ಹೆಚ್ಚುಕಡಿಮೆ ಮೈನಸ್ ಎರಡಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಬೆಚ್ಚಗಾದ ದಿನ ಫಿರಂಗಿ ಬರೀ ನೀರು ಉಗುಳುತ್ತದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಪೂರ್ತಿ ಇಂಥ ಹಿಮದ ಮೇಲೆಯೇ ನಡೆಯಿತು. ಅಲ್ಲಿ ಚಳಿಗೆ ಕೊರತೆಯಿರಲಿಲ್ಲ, ಹಿಮ ಬೀಳುವಷ್ಟು ತೇವವಿರಲಿಲ್ಲ.

ನಮ್ಮ ದೇಶದ ಪಾಡು ಬೇರೆ. ಕಾಶ್ಮೀರದ ಗುಲ್ಮಾರ್ಗ್‌ನ ಕೇಬಲ್ ಕಾರು ಗೊಂಡೊಲಾ ಎರಡು ಹಂತಗಳಲ್ಲಿ, 1998 ಮತ್ತು 2005ರಲ್ಲಿ ಶುರುವಾಯಿತು. ಅಫರ್ವಟ್ ಬೆಟ್ಟದಲ್ಲಿ ನಾಲ್ಕು ಸಾವಿರ ಮೀಟರಿನ ಹತ್ತಿರಕ್ಕೆ ಜನರನ್ನು ಹೊತ್ತೊಯ್ಯುತ್ತದೆ. 2024ರ ಜನವರಿಯಲ್ಲಿ ಅದರ ಕೆಳಗೆ ಬರೀ ಕಂದು ಹುಲ್ಲು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮವಿಲ್ಲದೆ ಮಾರ್ಚ್‌ಗೆ ದೂಡಿದರು. ಹಿಮ ಬಾರದಿದ್ದರೆ ಯಂತ್ರ ತನ್ನಿ ಎನ್ನುವವರು ಉಂಟು. ಕಾಶ್ಮೀರದ ವಿದ್ಯುತ್ತಿನ ಕತೆ ಗೊತ್ತಿದ್ದವರು ಅಷ್ಟು ಬೇಗ ಹಾಗೆನ್ನಲಾರರು. ಅಲ್ಲಿನ ಕರೆಂಟು ನದಿಯದ್ದು. ಚಳಿಗಾಲದಲ್ಲಿ ಮೇಲಿನ ನೀರು ಹೆಪ್ಪುಗಟ್ಟಿ ನದಿ ಸೊರಗುತ್ತದೆ, ಟರ್ಬೈನು ನಿಧಾನವಾಗುತ್ತದೆ; ಮನೆ ಮನೆಯಲ್ಲೂ ಹೀಟರು ಉರಿಯುವುದು ಅದೇ ತಿಂಗಳುಗಳಲ್ಲಿ. ಬೇಡಿಕೆ ಏರುವ ಹೊತ್ತಿಗೇ ಉತ್ಪಾದನೆ ಇಳಿಯುತ್ತದೆ. ಆ ತಂತಿಯ ಮೇಲೆ ಪ್ರವಾಸಿಗಳ ಹಿಮಕ್ಕಾಗಿ ಇನ್ನೊಂದು ಭಾರ ಹೇರಿದರೆ, ಕತ್ತಲಾಗುವುದು ಕೆಳಗಿನ ಹಳ್ಳಿಯಲ್ಲಿ.

ಉತ್ತರಾಖಂಡದ ಔಲಿಯಲ್ಲಿ ಯಂತ್ರಗಳೂ ಬಂದವು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ತಂದರು, ನೀರಿಗೆಂದು ಮೇಲೆ ಕೃತಕ ಕೆರೆಯನ್ನೂ ಮಾಡಿದರು. ಔಲಿಗೆ ಏರುವ ದಾರಿ ಜೋಶಿಮಠದಿಂದ. ಆ ಊರು ನಿಂತಿರುವುದು ಹಳೆಯ ಭೂಕುಸಿತದ ಗುಡ್ಡೆಯ ಮೇಲೆ, ಅಲ್ಲಿ ಭಾರೀ ಕಟ್ಟಡ ಬೇಡ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಮನೆಗಳ ಗೋಡೆ ಬಿರಿದು ಜನ ಮನೆ ಬಿಟ್ಟರು, ರೋಪ್‌ವೇ ನಿಂತಿತು. ಕಾರಣಗಳ ಬಗ್ಗೆ ವಾದ ಇನ್ನೂ ಇದೆ: ಚರಂಡಿಯಿಲ್ಲದ ನೀರು, ಹೋಟೆಲು-ರಸ್ತೆಗಳ ಭಾರ, ಕೆಳಗಿನ ಜಲವಿದ್ಯುತ್ ಯೋಜನೆಯ ಸುರಂಗ. ನನಗೆ ಈ ಪಟ್ಟಿಯಲ್ಲಿ ಎದ್ದು ಕಾಣುವುದೆಂದರೆ, ಸ್ಕೀ ಮಾಡಲು ಬರುವವನ ಕೋಣೆ ಬೆಚ್ಚಗಿಡಬೇಕಿದ್ದ ಕರೆಂಟು ಮತ್ತು ಆ ಕೋಣೆ, ಎರಡೂ ಒಂದೇ ಸಡಿಲ ಬೆಟ್ಟವನ್ನು ನೆಚ್ಚಿಕೊಂಡಿದ್ದವು ಎಂಬುದು.

ಯೂರೋಪಿನವರು ಏನು ಮಾಡಿದರು ಎಂದು ಕೇಳುತ್ತೀರಿ. ಬಹಳಷ್ಟು ಮಾಡಿದ್ದಾರೆ, ಕೆಲವು ಕಲಿಯುವಂಥವು. ಸ್ವಿಟ್ಜರ್ಲೆಂಡಿನ ಟೆನ್ನಾ ಎಂಬ ಸಣ್ಣ ಹಳ್ಳಿ 2011ರಲ್ಲಿ ಸೌರವಿದ್ಯುತ್ತಿನ ಸ್ಕೀ ಲಿಫ್ಟ್ ನಡೆಸಿ ಜಗತ್ತಿನಲ್ಲೇ ಮೊದಲನೆಯದಾಯಿತು. ತಂತಿಯ ಮೇಲೆ ತೂಗುಬಿಟ್ಟ ಅದರ ಪ್ಯಾನೆಲ್‌ಗಳು ಲಿಫ್ಟಿಗೆ ಬೇಕಾದದ್ದಕ್ಕಿಂತ ಹೆಚ್ಚು ತಯಾರಿಸುತ್ತವೆ, ಉಳಿದದ್ದು ಊರಿನ ಜಾಲಕ್ಕೆ. ಜೆರ್ಮಾಟ್‌ನ ಮೇಲೆ 2009ರಲ್ಲಿ ಕಟ್ಟಿದ ಮಾಂಟೆ ರೋಸಾ ತಂಗುಮನೆಯನ್ನು ತನಗೆ ಬೇಕಾದ ಶಕ್ತಿಯ ನೂರಕ್ಕೆ ತೊಂಬತ್ತನ್ನು ತಾನೇ ದುಡಿದುಕೊಳ್ಳುವಂತೆ ರೂಪಿಸಿದ್ದರು. ಅದೇ ಜೆರ್ಮಾಟ್‌ನಲ್ಲಿ 1898ರಿಂದ ಓಡುತ್ತಿರುವ ಗೋರ್ನರ್‌ಗ್ರಾಟ್ ರೈಲು ಇಳಿಯುವಾಗ ತನ್ನ ಮೋಟಾರನ್ನೇ ಜನರೇಟರ್ ಮಾಡಿಕೊಂಡು ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ, ಏರುವ ರೈಲು ಅದನ್ನು ಬಳಸುತ್ತದೆ. ನಮ್ಮ ಲೋಕಲ್ ಟ್ರೇನುಗಳೂ ಈಗ ಬ್ರೇಕ್ ಹಾಕುವಾಗ ಇದನ್ನೇ ಮಾಡುತ್ತವೆ, ದಿನಾ ನೇತಾಡುವ ನಮಗೆ ಗೊತ್ತಿರುವುದಿಲ್ಲ.

ಇನ್ನೊಂದು ಉಪಾಯ ನನಗೆ ಇವೆಲ್ಲಕ್ಕಿಂತ ಇಷ್ಟ. ದಾವೋಸ್‌ನಲ್ಲಿ ಚಳಿಗಾಲದ ಹಿಮವನ್ನು ರಾಶಿ ಹಾಕಿ, ಮೇಲೆ ಸುಮಾರು 40 ಸೆಂಟಿಮೀಟರ್ ದಪ್ಪ ಮರದ ಹೊಟ್ಟು ಮುಚ್ಚುತ್ತಾರೆ. ಇಡೀ ಬೇಸಿಗೆ ಕಳೆದರೂ ಸುಮಾರು ಮುಕ್ಕಾಲು ಪಾಲು ಉಳಿದಿರುತ್ತದೆ. ಚಳಿಗಾಲ ಬರುವ ಮೊದಲೇ ಹೊಟ್ಟು ಸರಿಸಿ ಹಿಮ ಹರಡುತ್ತಾರೆ. ಬೇಸಿಗೆಯುದ್ದಕ್ಕೂ ಹಿಮ ಕಾಯಲು ಕರೆಂಟು ಬೇಕಿಲ್ಲ. ಇದು ಹೊಸ ವಿದ್ಯೆಯೂ ಅಲ್ಲ. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಬೋಸ್ಟನ್ನಿನ ಕೆರೆಗಳ ಮಂಜುಗಡ್ಡೆಯನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ. ಟಸ್ಕನಿ ಎಂಬ ಆ ಹಡಗು ಹೊರಟಾಗ ಇದ್ದದ್ದು 180 ಟನ್, ನಾಲ್ಕು ತಿಂಗಳು ಸಮುದ್ರ ದಾಟಿ ಬಂದಾಗ ಸುಮಾರು 100 ಟನ್ ಉಳಿದಿತ್ತು. ಮುಂಬಯಿಗೂ ಅದೇ ದಶಕದಲ್ಲಿ ಮಂಜುಗಡ್ಡೆ ಬಂತು. ಜಮ್ಶೇಟ್‌ಜಿ ಜೀಜೀಭಾಯ್ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದರು, ತಿಂದವರಿಗೆ ನೆಗಡಿಯಾಯಿತು ಎಂಬ ಕತೆ ಈ ಊರಿನಲ್ಲಿ ಇನ್ನೂ ಓಡಾಡುತ್ತಿದೆ. ಆ ಮಂಜುಗಡ್ಡೆ ಇಡಲು ಕಟ್ಟಿದ ಮದ್ರಾಸಿನ ಐಸ್ ಹೌಸ್ ಇಂದಿಗೂ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ.

ಲಡಾಖ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ. ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಚಳಿಗಾಲದಲ್ಲಿ ಪೋಲಾಗುವ ತೊರೆಯ ನೀರನ್ನು ನೆರಳಿನ ಇಳಿಜಾರಿನಲ್ಲಿ ಹರಿಸಿ ಹೆಪ್ಪುಗಟ್ಟಿಸಿದರು. 2013ರಿಂದೀಚೆಗೆ ಸೋನಂ ವಾಂಗ್‌ಚುಕ್ ಅದೇ ನೀರನ್ನು ಪೈಪಿನಲ್ಲಿ ತಂದು, ಎತ್ತರದಿಂದ ಬಂದ ಒತ್ತಡದಿಂದಲೇ ಕಾರಂಜಿಯಂತೆ ಚಿಮ್ಮಿಸಿ ಮಂಜಿನ ಸ್ತೂಪ ನಿಲ್ಲಿಸಿದರು. ಪಂಪಿಲ್ಲ. ಬಿಸಿಲಿಗೆ ಕಡಿಮೆ ಮೈ ಒಡ್ಡುವ ಆಕಾರವಾದ್ದರಿಂದ ಅದು ವಸಂತದವರೆಗೂ ನಿಂತು, ಬಿತ್ತನೆಯ ಹೊತ್ತಿಗೆ ನಿಧಾನಕ್ಕೆ ಕರಗುತ್ತದೆ. ಸ್ಕೀ ರೆಸಾರ್ಟಿನ ಫಿರಂಗಿ ಮಾಡುವುದೂ ಇದನ್ನೇ ಅಲ್ಲವೆ? ಒಂದು ಜಾರುವ ಆಟಕ್ಕೆ, ಇನ್ನೊಂದು ಬಾರ್ಲಿಯ ಹೊಲಕ್ಕೆ. ಆಟ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಗುಲ್ಮಾರ್ಗ್‌ನ ಹುಡುಗರು ಆ ಆಟದಿಂದಲೇ ಊಟ ಮಾಡುತ್ತಾರೆ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ಕುಮಾರ್ ರೆಡ್ಡಿ. ಮಲೆನಾಡಿನ ಎಷ್ಟೋ ಅಡುಗೆಮನೆಗಳಿಗೆ ಕಡಿಮೆ ಸೌದೆಯ ಅಸ್ತ್ರ ಒಲೆ ಹೋದದ್ದು ಅಲ್ಲಿಂದ. 1987ರಲ್ಲಿ ಕರ್ನಾಟಕಕ್ಕೆ ಮುಂದಿನ ಶತಮಾನದವರೆಗೆ ಎಷ್ಟು ವಿದ್ಯುತ್ ಬೇಕೆಂದು ಸರ್ಕಾರಿ ವರದಿಯೊಂದು ಭಾರೀ ಲೆಕ್ಕ ಕೊಟ್ಟಿತು. ರೆಡ್ಡಿಯವರೂ ಸಂಗಡಿಗರೂ ಆ ಲೆಕ್ಕವನ್ನೇ ತಿರುವಿ ಹಾಕಿದರು. ಜನರಿಗೆ ಬೇಕಿರುವುದು ಬೆಳಕು, ಬಿಸಿನೀರು, ಬೆಂದ ಅನ್ನ, ಏರಿ ಬಂದ ನೀರು. ಮೊದಲು ಅದನ್ನು ಎಣಿಸಿ, ಯಾವುದನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಮಾಡಬಹುದು ನೋಡಿ, ಆಮೇಲೆ ವಿದ್ಯುತ್ ಕೇಂದ್ರದ ಮಾತು ಎತ್ತಿ ಎಂಬುದು ಅವರ ವಾದದ ಸಾರ. ಬೆಟ್ಟದ ವಿಹಾರಧಾಮಕ್ಕೆ ಇದನ್ನು ಹಚ್ಚಿ ನೋಡಿದರೆ ಲಿಫ್ಟಿನ ಮೇಲೆ ಸೌರಫಲಕ ಹಾಕಿದ್ದು ಸಣ್ಣ ವಿಷಯವಾಗುತ್ತದೆ. ಪ್ರವಾಸಿ ಬಂದ ವಿಮಾನ ಮತ್ತು ಕಾರು, ಅವನ ಕೋಣೆಯ ಬಿಸಿ, ಅವನ ಸ್ನಾನದ ನೀರು, ಇವೇ ದೊಡ್ಡ ಬಾಬತ್ತುಗಳು. ರೆಡ್ಡಿಯವರ ಪ್ರಶ್ನೆಯ ಬೆನ್ನಿಗೆ ನಾನು ಇನ್ನೊಂದನ್ನು ಸೇರಿಸಲು ಬಯಸುತ್ತೇನೆ: ಶಕ್ತಿ ಉಳಿಯಿತು ಎಂದಾಗ ಆ ಭಾರ ಇಳಿದದ್ದು ಯಾರ ಹೆಗಲಿಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಆಲ್ಪ್ಸ್‌ಗೆ ಹೋಗಬೇಕಿಲ್ಲ. ನಮ್ಮ ಹತ್ತಿರದ ಮಾಥೇರಾನ್ ಬೆಟ್ಟ ಸಾಕು.

1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಹತ್ತಿದ ಈ ಬೆಟ್ಟದ ಎತ್ತರ ಸುಮಾರು 800 ಮೀಟರ್. 1907ರಲ್ಲಿ ಪೀರ್‌ಭಾಯ್ ಮನೆತನ ತನ್ನ ಹಣದಲ್ಲಿ ನೇರಳ್‌ನಿಂದ ಎರಡಡಿ ಅಗಲದ ಹಳಿ ಹಾಕಿ, 21 ಕಿಲೋಮೀಟರ್ ತಿರುವುಗಳಲ್ಲಿ ರೈಲು ಓಡಿಸಿತು. ಮೇಲೆ ಪ್ರವಾಸಿಗಳ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. 2003ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಿತು. ದಸ್ತೂರಿ ನಾಕಾದಲ್ಲಿ ಕಾರು ನಿಲ್ಲಿಸಿ, ಮುಂದೆ ನಡೆಯಿರಿ, ಕುದುರೆ ಹತ್ತಿ, ಅಥವಾ ಅಮನ್ ಲಾಡ್ಜ್‌ನಿಂದ ಸಣ್ಣ ರೈಲು ಹಿಡಿಯಿರಿ. ಜೆರ್ಮಾಟ್‌ನಲ್ಲೂ ಹೀಗೇ. ಟೇಶ್ ಎಂಬ ಊರಿನಲ್ಲಿ ಕಾರು ಬಿಟ್ಟು ರೈಲಿನಲ್ಲಿ ಹೋಗಬೇಕು, ಊರೊಳಗೆ ಪೆಟ್ರೋಲ್-ಡೀಸೆಲ್ ಗಾಡಿ ಇಲ್ಲ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಜೆರ್ಮಾಟ್ ಬಾಗಿಲಲ್ಲಿ ಕಾರು ತಡೆದು, ಒಳಗೆ ಸಣ್ಣ ವಿದ್ಯುತ್ ಗಾಡಿಗಳನ್ನು ಬಿಟ್ಟಿತು. ಮಾಥೇರಾನ್ ಕಾರು ತಡೆದು, ಒಳಗೆ ಮನುಷ್ಯನನ್ನು ನೊಗಕ್ಕೆ ಕಟ್ಟಿತು.

ಕೈರಿಕ್ಷಾ ನೋಡಿದ್ದೀರಲ್ಲ. ಮುಂದೆ ಒಬ್ಬ ಎಳೆಯುತ್ತಿದ್ದ, ಹಿಂದಿನಿಂದ ಇಬ್ಬರು ತಳ್ಳುತ್ತಿದ್ದರು. ದಾರಿಯ ಮಣ್ಣು ನಮ್ಮ ಕರಾವಳಿಯವರಿಗೆ ಪರಿಚಿತವಾದ ಮುರಮಣ್ಣು, ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗೆ ಜಾರು. ಏರಿನಲ್ಲಿ ಮುಂದಿನವನು ಎದೆಯನ್ನು ಅಡ್ಡಪಟ್ಟಿಗೆ ಒತ್ತಿ ಮುಂದಕ್ಕೆ ಬಾಗಿರುತ್ತಿದ್ದ, ಇಳಿಜಾರಿನಲ್ಲಿ ಮೈಯನ್ನೇ ಬ್ರೇಕ್ ಮಾಡಿಕೊಂಡು ಹಿಂದಕ್ಕೆ ವಾಲುತ್ತಿದ್ದ, ಹಿಮ್ಮಡಿ ಮಣ್ಣಿನಲ್ಲಿ ಗೀರು ಹಾಕುತ್ತಿತ್ತು. ಒಳಗೆ ಕೂತವರ ಕೈಯಲ್ಲಿ ಚಿಕ್ಕಿಯ ಪೊಟ್ಟಣ. ಹೋಟೆಲಿಗೆ ಬೇಕಾದ ಗ್ಯಾಸ್ ಸಿಲಿಂಡರು, ಅಕ್ಕಿ, ನೀರಿನ ಬಾಟಲಿ, ಹಾಸಿಗೆ ಎಲ್ಲವೂ ಕುದುರೆಯ ಬೆನ್ನು, ಕೂಲಿಯ ತಲೆ, ಕೈಗಾಡಿಗಳ ಮೇಲೆ ಹೋಗುತ್ತಿತ್ತು. ಊರಿನ ಕಾರ್ಬನ್ ಲೆಕ್ಕ ಯಾರಾದರೂ ಬರೆದಿದ್ದರೆ ಎಷ್ಟು ಚೊಕ್ಕಟವಾಗಿ ಕಾಣುತ್ತಿತ್ತು! ಕೋಲ್ಡ್ ಸ್ಟೋರೇಜಿನ ಹಮಾಲನನ್ನು ಈಗ ನೆನೆಯಿರಿ: ಮನುಷ್ಯನ ಸ್ನಾಯುವಿಗೆ ಮೀಟರ್ ಇಲ್ಲ, ಆದ್ದರಿಂದ ಅದು ಯಾವ ಕಾಲಮ್ಮಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. ಗಟ್ಟಿಮುಟ್ಟಾದ ಆಳು ದಿನವಿಡೀ ದುಡಿದು ಹೊರಡಿಸಬಲ್ಲ ಕೆಲಸ ಅರ್ಧ ಯೂನಿಟ್ ಆಸುಪಾಸು. ನಮ್ಮ ಮನೆಯ ದರದಲ್ಲಿ ಅದಕ್ಕೆ ಕೆಲವೇ ರೂಪಾಯಿ.

ನೀರಿನ ಲೆಕ್ಕವೂ ಇದೆ. ಬೆಟ್ಟದ ಬುಡದಿಂದ 800 ಮೀಟರ್ ಮೇಲಕ್ಕೆ ಸಾವಿರ ಲೀಟರ್ ನೀರು ಎತ್ತಲು ಶುದ್ಧ ಭೌತಶಾಸ್ತ್ರದ ಪ್ರಕಾರ 2.2 ಯೂನಿಟ್ ಬೇಕು, ಪಂಪಿನ ನಷ್ಟ ಸೇರಿದರೆ ಮೂರು ದಾಟುತ್ತದೆ. ಮೇಲಿರುವ ಶಾರ್ಲಟ್ ಕೆರೆಯ ಒಂದೊಂದು ಬಿಂದಿಗೆಗೂ ಹಾಗಾಗಿ ಬೆಲೆಯಿದೆ. ಬೆಟ್ಟದ ಮೇಲೆ ಈಜುಕೊಳ ಇರುವ ರೆಸಾರ್ಟು ಕಂಡರೆ ನನಗೆ ಮೊದಲು ಪಂಪೇ ನೆನಪಾಗುತ್ತದೆ.

ಬೆಟ್ಟ ನಮಗೆ ಕೊಡುವುದು ಇಳಿಯುವ ನೀರು. ಅದನ್ನು ಮುಂಬಯಿ ನೂರು ವರ್ಷಕ್ಕೂ ಹಿಂದೆ ಕಂಡುಕೊಂಡಿತು. 1915ರಲ್ಲಿ ಟಾಟಾದವರ ಖೋಪೋಲಿ ಕೇಂದ್ರ ಲೋಣಾವಳದ ಕೆರೆಗಳ ನೀರನ್ನು ಘಟ್ಟದಿಂದ ಕೆಳಗಿಳಿಸಿ ಗಿರಣಿಗಳಿಗೆ ಕರೆಂಟು ಕೊಟ್ಟಿತು. ಕನ್ನಡಿಗರಿಗೆ ಇದು ಅಚ್ಚರಿಯಲ್ಲ, 1902ರಲ್ಲೇ ಶಿವನಸಮುದ್ರ ಕೋಲಾರದ ಗಣಿಗಳನ್ನು ಬೆಳಗಿಸಿತ್ತು. ಆದರೆ ಟಾಟಾದವರ ಮೂರನೆಯ ಕೇಂದ್ರವಾದ ಭೀರಾಕ್ಕೆ ನೀರು ಕೊಡುವ ಮುಳಶಿ ಅಣೆಕಟ್ಟಿನ ಕಾಲಕ್ಕೆ ಜಮೀನು ಕಳೆದುಕೊಳ್ಳುವ ರೈತರು ಎದ್ದು ನಿಂತರು. 1921ರಲ್ಲಿ ಶುರುವಾದ ಮುಳಶಿ ಸತ್ಯಾಗ್ರಹದ ಮುಂದಾಳು ಸೇನಾಪತಿ ಬಾಪಟ್. ಸತ್ಯಾಗ್ರಹ ಸೋತಿತು, 1927ರಲ್ಲಿ ಭೀರಾ ನಡೆಯಿತು. ಶರಾವತಿಯ ಮುಳುಗಡೆಯವರನ್ನು ನಾ. ಡಿಸೋಜರ ಕಾದಂಬರಿಗಳಲ್ಲಿ ಓದಿದವರಿಗೆ ಮುಂದಿನದನ್ನು ನಾನು ವಿವರಿಸಬೇಕಿಲ್ಲ. ಹೊಗೆಯಿಲ್ಲದ ವಿದ್ಯುತ್, ನಿಜ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಕೊಟ್ಟವರಲ್ಲಿ ಅನೇಕರ ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವುದೂ ನಿಜ.

ಸಣ್ಣದಾಗಿ ಮಾಡಿದ ಕಡೆ ಕತೆ ಬೇರೆಯಾಗಿದೆ. ಕೊಡಗು, ಚಿಕ್ಕಮಗಳೂರು, ಬೆಳ್ತಂಗಡಿ ಕಡೆಯ ಒಂಟಿ ಮನೆಗಳಲ್ಲಿ ತೋಟದ ಮೇಲಿನ ಹಳ್ಳದಿಂದ ಪೈಪು ಇಳಿಸಿ, ಒಂದು ಕಿಲೋವಾಟಿನ ಆಚೀಚೆಯ ಟರ್ಬೈನು ಕೂರಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಊರಿಗೆಲ್ಲ ಕರೆಂಟು ಹೋದಾಗ ಆ ಮನೆಯಲ್ಲಿ ಮಿಕ್ಸಿ ತಿರುಗುತ್ತಿರುತ್ತದೆ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ ಸಾಕು. ಫೆಬ್ರವರಿ ಕಳೆದರೆ ಹಳ್ಳ ಬತ್ತುತ್ತದೆ, ಟರ್ಬೈನು ನಿಲ್ಲುತ್ತದೆ, ಮನೆಯವರು ಅದಕ್ಕೆ ತಕ್ಕಂತೆ ಇರುತ್ತಾರೆ. ಅದೇ ಮನೆ ಹೋಂಸ್ಟೇ ಆದ ಮೇಲೆ ಏಪ್ರಿಲ್‌ನಲ್ಲಿ ಬಂದ ಅತಿಥಿಗೆ ಇದನ್ನು ಹೇಗೆ ಹೇಳುವುದು? ಅವನಿಗೆ ಎಸಿ ಬೇಕು, ಗೀಸರ್ ಬೇಕು, ಟ್ಯಾಂಕರ್ ನೀರು ಬೇಕು. ಸೋಮೇಶ್ವರದಿಂದ ಆಗುಂಬೆಗೆ ಹತ್ತಿದೊಡನೆ ಕಾರಿನ ಗಾಜು ಇಳಿಸಿ ಗಾಳಿಗೆ ಮುಖ ಒಡ್ಡುತ್ತಿದ್ದ ನಮ್ಮ ಜನವೇ ಈಗ ಬೆಟ್ಟದ ಮೇಲೂ ರಿಮೋಟ್ ಹುಡುಕುತ್ತಾರೆ.

ತಡೆ ಎಲ್ಲಿ ಹಾಕಬೇಕು ಎಂಬುದಕ್ಕೆ ಕರ್ನಾಟಕದಲ್ಲೂ ಮಾದರಿ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ಗಾಡಿಯನ್ನು ಬುಡದಲ್ಲೇ ಬಿಡಬೇಕು, ಮೇಲಕ್ಕೆ ಕೆಎಸ್ಸಾರ್ಟಿಸಿ ಬಸ್ಸು. ಊಟಿ-ಕೊಡೈಕನಾಲ್‌ಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ. ಇವುಗಳಲ್ಲಿ ಬಸ್ಸಿನ ಉಪಾಯವೇ ನನಗೆ ಮೇಲೆನಿಸುತ್ತದೆ. ಪಾಸು ಕಾರನ್ನು ಎಣಿಸುತ್ತದೆ, ಬಸ್ಸು ಕಾರಿನ ಅಗತ್ಯವನ್ನೇ ತೆಗೆಯುತ್ತದೆ.

ಸಭೆಯಲ್ಲಿ ಹೋಟೆಲಿನವರು ತುಂಬ ಜನ ಇದ್ದೀರಿ, ಆದ್ದರಿಂದ ನಿಮ್ಮ ಅಡುಗೆಮನೆಯ ಎರಡು ಮಾತು. ನಿಮ್ಮ ವಾಕ್-ಇನ್ ಕೂಲರಿನ ಕಂಪ್ರೆಸರಿನಿಂದ ಹೊರಡುವ ಗ್ಯಾಸು ಕೈಸುಡುವಷ್ಟು ಬಿಸಿ. ಆ ಪೈಪಿಗೆ ನೀರಿನ ಪೈಪು ಜೋಡಿಸುವ ಸಾಧನ ಸಿಗುತ್ತದೆ; ಪಾತ್ರೆ ತೊಳೆಯಲು ಐವತ್ತು ಡಿಗ್ರಿಯ ನೀರು ಗೀಸರಿಲ್ಲದೆ ಬರುತ್ತದೆ, ಕಂಪ್ರೆಸರಿಗೂ ಉಸಿರಾಟ ಹಗುರ. ಆಲ್ಪ್ಸ್‌ನ ಕೆಲವು ಹೋಟೆಲುಗಳಲ್ಲಿ ಹೀಗೆ ಮಾಡುತ್ತಾರೆ. ರಬಾಳೆಯ ಸೆಖೆಯಲ್ಲಿ ಬೇಯುತ್ತ ಇಡ್ಲಿ ಪಾತ್ರೆಯ ಮುಂದೆ ನಿಂತ ಹುಡುಗನ ಬೆನ್ನ ಹಿಂದೆಯೇ ಕಂಡೆನ್ಸರಿನ ಬಿಸಿಗಾಳಿ ಬಿಡುವುದನ್ನಾದರೂ ನಿಲ್ಲಿಸಬಹುದು.

ಡೇಟಾ ಸೆಂಟರಿನ ಶಾಖ ಇದಕ್ಕಿಂತ ದೊಡ್ಡ ಗಂಟು. ಸ್ಟಾಕ್‌ಹೋಮ್‌ನಲ್ಲಿ ಅದನ್ನು ಮನೆಗಳನ್ನು ಬೆಚ್ಚಗಿಡುವ ಪೈಪಿಗೆ ಸೇರಿಸುತ್ತಾರೆ. ನಮಗೆ ಬೆಚ್ಚಗಿಡುವ ಮನೆಯೇ ಇಲ್ಲ. ನೀರು ಆವಿ ಮಾಡಿ ತಂಪು ಮಾಡುವ ಟವರಾದರೆ ಒಂದು ಮೆಗಾವಾಟ್ ಶಾಖ ಕಳೆಯಲು ಗಂಟೆಗೆ ಸುಮಾರು 1,500 ಲೀಟರ್ ಆವಿಯಾಗಿ ಹೋಗುತ್ತದೆ. ಟಿಟಿಸಿಗೆ ನೀರು ಬರುವುದು ಬದ್ಲಾಪುರದ ಬಳಿಯ ಬಾರವಿ ಅಣೆಕಟ್ಟಿನಿಂದ. ಅದನ್ನು ಎತ್ತರಿಸಿದಾಗ ಅಲ್ಲೂ ಹಳ್ಳಿಗಳು ಮುಳುಗಿದವು. ಸಂಸ್ಕರಿಸಿದ ಚರಂಡಿ ನೀರನ್ನು ಟವರಿಗೆ ಕಡ್ಡಾಯ ಮಾಡುವುದು ಮೊದಲ ಕೆಲಸ. ಹತ್ತಿರದ ಆಹಾರ, ಬಟ್ಟೆ, ಔಷಧ ಘಟಕಗಳಿಗೆ ನೀರು ಉಗುರುಬೆಚ್ಚಗೆ ಮಾಡಿಕೊಡಲು ಆ ಶಾಖ ಸಾಲುತ್ತದೆಯೇ ಎಂದು ಒಂದೇ ರಸ್ತೆಯ ಎರಡು ಕಾರ್ಖಾನೆಗಳು ಕೂತು ಮಾತಾಡಿದರೆ ಗೊತ್ತಾಗುತ್ತದೆ. ಹಾಗೆ ಕೂತದ್ದನ್ನು ನಾನು ಕಂಡಿಲ್ಲ.

ಮಾಥೇರಾನ್‌ಗೆ ಮರಳುತ್ತೇನೆ, ಅಲ್ಲಿ 2022ರಿಂದೀಚೆಗೆ ನಡೆದದ್ದು ಇಡೀ ದೇಶದ ಬೆಟ್ಟಗಳಿಗೆ ಬೇಕಾದ ಪಾಠ. ಸುಪ್ರೀಂ ಕೋರ್ಟಿನ ಅನುಮತಿಯಂತೆ 2022ರ ಡಿಸೆಂಬರಿನಲ್ಲಿ ಇ-ರಿಕ್ಷಾಗಳ ಪ್ರಯೋಗ ಶುರುವಾಯಿತು. ಶಾಲೆಗೆ ಹೋಗುವ ಮಕ್ಕಳು ಮೊದಲ ಸಲ ಗಾಡಿ ಹತ್ತಿದರು. ಕುದುರೆಯವರು ವಿರೋಧಿಸಿದರು, ಅವರ ಹೊಟ್ಟೆಪಾಡೂ ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ಮನುಷ್ಯ ಎಳೆಯುವ ರಿಕ್ಷಾ ಆರು ತಿಂಗಳೊಳಗೆ ನಿಲ್ಲಬೇಕೆಂದಿತು. ಸರ್ಕಾರವೇ ಇ-ರಿಕ್ಷಾ ಕೊಂಡು ಎಳೆಯುತ್ತಿದ್ದವರಿಗೆ ಬಾಡಿಗೆಗೆ ಕೊಡಬಹುದು, ಹಣವಿಲ್ಲ ಎಂಬುದು ನೆಪವಾಗಬಾರದು ಎಂದೂ ಹೇಳಿತು.

ತಂತ್ರಜ್ಞಾನದ ಕಡೆಯಿಂದ ಇದು ಕಷ್ಟದ ಕೆಲಸವಲ್ಲ. ದೂರ ಕಡಿಮೆ, ವೇಗ ಕಡಿಮೆ, ಬ್ಯಾಟರಿ ಸಣ್ಣದಿದ್ದರೆ ಸಾಕು. ಏರಿನಲ್ಲಿ ಮೋಟಾರಿಗೆ ಬಲ ಬೇಕು, ಇಳಿಜಾರಿನಲ್ಲಿ ಗೋರ್ನರ್‌ಗ್ರಾಟ್ ರೈಲಿನ ಹಾಗೆ ಸ್ವಲ್ಪ ಮರಳಿ ತುಂಬಿಕೊಳ್ಳಬಹುದು. ಮಳೆಗಾಲದ ಮೂರು ತಿಂಗಳು ಸೌರಫಲಕದ ಮೇಲೆ ಭರವಸೆ ಇಡುವಂತಿಲ್ಲ. ಚಳಿಗಾಲ-ಬೇಸಿಗೆಗಳಲ್ಲಿ ಮಧ್ಯಾಹ್ನದ ಬಿಡುವಿಗೆ, ಊರಿನ ಶಾಲೆ-ಹೋಟೆಲುಗಳ ಚಾವಣಿಯ ಫಲಕದಿಂದಲೇ ಚಾರ್ಜ್ ಮಾಡಬಹುದು. ನೆಲಕ್ಕೆ ಕಾಂಕ್ರೀಟು ಬೇಡ, ನೀರು ಇಂಗಬೇಕು.

ತೊಡಕಿರುವುದು ಪರವಾನಗಿಯಲ್ಲಿ. ಗಾಡಿ ಎಷ್ಟು ಬಿಡಬೇಕು, ಅದರ ಹಕ್ಕು ಎಳೆಯುತ್ತಿದ್ದವನಿಗೇ ಸಿಗುತ್ತದೆಯೇ, ಅಥವಾ ದುಡ್ಡಿರುವ ಹೋಟೆಲಿನವನು ಹತ್ತು ಗಾಡಿ ಕೊಂಡು ಅವನನ್ನು ದಿನಗೂಲಿಗೆ ಡ್ರೈವರ್ ಮಾಡಿಕೊಳ್ಳುತ್ತಾನೆಯೇ? ಹಿಂದಿನಿಂದ ತಳ್ಳುತ್ತಿದ್ದ ಇಬ್ಬರಿಗೆ ಏನು? ಮೂವರ ರಿಕ್ಷಾ ಒಬ್ಬನ ಗಾಡಿಯಾಗುತ್ತದೆ. ಮುಂದೆ ಎಳೆದವನ ಹೆಸರು ಪಟ್ಟಿಯಲ್ಲಿರುತ್ತದೆ, ಹಿಂದೆ ತಳ್ಳಿದವರದ್ದೂ ಅಲ್ಲಿ ಇರಬೇಕು. ನೀವು ಹೋದಾಗ ಠಾಣೆಯಲ್ಲಿ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿಯಿರಿ, ಮೇಲೆ ಇ-ರಿಕ್ಷಾ ಹತ್ತಿದರೆ ಗಾಡಿ ಯಾರದ್ದು ಎಂದು ಓಡಿಸುವವನನ್ನೇ ಕೇಳಿ. ಅವನು ಮರಾಠಿಯಲ್ಲಿ ಹೇಳುವುದು ನಿಮಗೆಲ್ಲ ಅರ್ಥವಾಗುತ್ತದೆ.